ರಾಜ್ಯ ಹೆದ್ದಾರಿಯ ಜಾಡು ಹಿಡಿಯುವುದು ಹೇಗೆ: ಹಾಸನ–ಬೇಲೂರು–ಚಿಕ್ಕಮಗಳೂರು–ತರೀಕೆರೆ ರಸ್ತೆಯ ಕೈಪಿಡಿ

ಹಾಸನದಿಂದ ಹೊರಟು ಹಗರೆ, ಬೇಲೂರು, ಚಿಕ್ಕಮಗಳೂರು, ಕೈಮರ, ಸಂತವೇರಿ, ಲಿಂಗದಹಳ್ಳಿ ಮೇಲೆ ತರೀಕೆರೆ ಮುಟ್ಟುವ ರಸ್ತೆಯನ್ನು ಬಹಳ ಕಾಲ ರಾಜ್ಯ ಹೆದ್ದಾರಿ 57 ಎಂಬ ಒಂದೇ ಸಂಖ್ಯೆಯಿಂದ ಗುರುತಿಸುತ್ತಿದ್ದರು. ಇದರ ಚರಿತ್ರೆ ಬರೆಯಲು ಕೂತವರು ಸಾಮಾನ್ಯವಾಗಿ ಆ ಸಂಖ್ಯೆಯನ್ನೇ ಹಿಡಿದು ಹೊರಡುತ್ತಾರೆ. ದಾರಿ ತಪ್ಪುವುದೂ ಅಲ್ಲೇ. ರಾಷ್ಟ್ರೀಯ ಹೆದ್ದಾರಿ, ರಾಜ್ಯ ಹೆದ್ದಾರಿ, ಜಿಲ್ಲಾ ಮುಖ್ಯ ರಸ್ತೆ ಎಂಬ ವಿಂಗಡಣೆ ರೂಪುಗೊಂಡದ್ದು ದೇಶದ ರಸ್ತೆ ಅಭಿವೃದ್ಧಿಗೆಂದು ಹಾಕಿದ 1943ರ ನಾಗಪುರ ಯೋಜನೆಯಲ್ಲಿ. ನಮ್ಮ ರಾಜ್ಯದ ಹೆದ್ದಾರಿ ಕಾಯ್ದೆ 1964ರದು. ಸಂಖ್ಯೆ ಬರುವ ಹೊತ್ತಿಗೆ ಈ ರಸ್ತೆಯ ತುಂಡುಗಳ ಮೇಲೆ ಗಾಡಿಗಳು ಓಡಾಡಿ ತಲೆಮಾರುಗಳೇ ಕಳೆದಿದ್ದವು. ಸಂಖ್ಯೆ ನಿಲ್ಲುವಂಥದ್ದೂ ಅಲ್ಲ: ಬೇಲೂರಿನಿಂದ ಹಾಸನ, ಹೊಳೆನರಸೀಪುರ, ಕೃಷ್ಣರಾಜನಗರದ ಮೇಲೆ ಬಿಳಿಕೆರೆಗೆ ಹೋಗುವ ಭಾಗ ಈಗ ರಾಷ್ಟ್ರೀಯ ಹೆದ್ದಾರಿ 373.

ಆದ್ದರಿಂದ ಮೊದಲ ಕೆಲಸ, ರಸ್ತೆಯನ್ನು ತುಂಡು ಮಾಡುವುದು. ದಾರಿ ಕವಲೊಡೆಯುವ ಜಾಗ, ಜಿಲ್ಲೆಯ ಗಡಿ, ಘಟ್ಟ ಶುರುವಾಗುವ ಜಾಗ, ಇವೇ ಕತ್ತರಿಸುವ ಬಿಂದುಗಳು. ನಮ್ಮ ರಸ್ತೆಗೆ ಆರು ತುಂಡು ಸಾಕು: ಹಾಸನದಿಂದ ಹಗರೆ (ಇಲ್ಲಿ ಹಳೇಬೀಡಿನ ದಾರಿ ಕವಲೊಡೆಯುತ್ತದೆ), ಹಗರೆಯಿಂದ ಬೇಲೂರು, ಬೇಲೂರಿನಿಂದ ಜಿಲ್ಲೆಯ ಗಡಿ ದಾಟಿ ಚಿಕ್ಕಮಗಳೂರು, ಚಿಕ್ಕಮಗಳೂರಿನಿಂದ ಕೈಮರ (ಇಲ್ಲಿ ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ದಾರಿ ಬೇರೆಯಾಗುತ್ತದೆ), ಕೈಮರದಿಂದ ಸಂತವೇರಿ ಮೇಲೆ ಲಿಂಗದಹಳ್ಳಿ, ಕೊನೆಗೆ ಲಿಂಗದಹಳ್ಳಿಯಿಂದ ತರೀಕೆರೆ. ಪ್ರತಿ ತುಂಡಿಗೂ ಬೇರೆ ಕಡತ ಇಡಿ. ಒಂದು ತುಂಡಿನಲ್ಲಿ ಸಿಕ್ಕ ಸಾಕ್ಷ್ಯವನ್ನು ಪಕ್ಕದ ತುಂಡಿಗೆ ಎಳೆಯಬೇಡಿ. ಹಾಸನ–ಬೇಲೂರು ರಸ್ತೆಗೆ ಜಲ್ಲಿ ಬಿದ್ದ ವರ್ಷ ಸಿಕ್ಕಿತೆಂದರೆ ಸಂತವೇರಿ ಘಟ್ಟಕ್ಕೂ ಅದೇ ವರ್ಷ ಜಲ್ಲಿ ಬಿತ್ತೆಂದು ಅರ್ಥವಲ್ಲ.

ನಕ್ಷೆಗಳು

ಭಾರತೀಯ ಸರ್ವೇಕ್ಷಣ ಇಲಾಖೆಯ ಹಳೆಯ ನಕ್ಷೆ ಹಾಳೆಗಳ ಸಂಖ್ಯೆಯ ಲೆಕ್ಕದಲ್ಲಿ ಬೇಲೂರು 48 ಒ/16ರಲ್ಲಿ, ಚಿಕ್ಕಮಗಳೂರು 48 ಒ/15ರಲ್ಲಿ, ಲಿಂಗದಹಳ್ಳಿ ಮತ್ತು ತರೀಕೆರೆ 48 ಒ/14ರಲ್ಲಿ ಬರುತ್ತವೆ. ಹಾಸನ 76 ಡಿಗ್ರಿ ರೇಖಾಂಶದ ಆಚೆಗಿರುವುದರಿಂದ 57 ಸಿ/4ಕ್ಕೆ ಹೋಗುತ್ತದೆ. ಊರು 13 ಡಿಗ್ರಿ ಅಕ್ಷಾಂಶದ ಅಂಚಿನಲ್ಲೇ ಇರುವುದರಿಂದ ಅದರ ದಕ್ಷಿಣಕ್ಕೆ 57 ಡಿ/1 ಕೂಡ ಬೇಕಾಗುತ್ತದೆ. ಸಕಲೇಶಪುರದ ಕಡೆ ಹೊರಳುವವರಿಗೆ 48 ಪಿ. ಒಂದು ಇಂಚಿಗೆ ಒಂದು ಮೈಲಿಯ ಹಳೆಯ ಹಾಳೆ, ಆಮೇಲಿನ 1:50,000 ಹಾಳೆ, ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ತಿರುವು ನೇರ ಮಾಡಿದ ಜಾಗಗಳು ಅಲ್ಲೇ ಕಾಣುತ್ತವೆ. 1950ರ ದಶಕದ ಅಮೆರಿಕನ್ ಸೇನಾ ನಕ್ಷೆಗಳು 1:2,50,000 ಅಳತೆಯವು. ಅವು ಅಂತರ್ಜಾಲದಲ್ಲಿ ಬಿಟ್ಟಿಯಾಗಿ ಸಿಗುತ್ತವೆ. ನಮ್ಮ ಸೀಮೆಗೆ ಎನ್‌ಡಿ 43 ಎಂಬ ಗುಂಪನ್ನು ಹುಡುಕಬೇಕು. ತಿರುವುಗಳನ್ನು ನೋಡಲು ಅವು ಸಾಲವು, ರಸ್ತೆಯ ದರ್ಜೆ ತಿಳಿಯಲು ಸಾಕು.

ಇಲ್ಲಿ ಎಲ್ಲರೂ ಎಡವುವುದು ವರ್ಷದ ವಿಷಯದಲ್ಲಿ. ಹಾಳೆಯ ಮೇಲೆ ದೊಡ್ಡದಾಗಿ ಕಾಣುವುದು ಅಚ್ಚಾದ ವರ್ಷ. ಅಳತೆ ಮಾಡಿದ ವರ್ಷ ಅಂಚಿನ ಸಣ್ಣ ಅಕ್ಷರಗಳಲ್ಲಿರುತ್ತದೆ. ಎರಡರ ನಡುವೆ ಹತ್ತಾರು ವರ್ಷದ ಅಂತರ ಇರಬಹುದು, ಕೆಲವು ಮರುಮುದ್ರಣಗಳಲ್ಲಿ ರಸ್ತೆಗಳನ್ನು ಮಾತ್ರ ತಿದ್ದಿ ಉಳಿದದ್ದನ್ನು ಹಾಗೇ ಬಿಟ್ಟಿರುತ್ತಾರೆ. ಮೂರೂ ವರ್ಷಗಳನ್ನು ಬರೆದುಕೊಳ್ಳಿ: ಅಳತೆ, ತಿದ್ದುಪಡಿ, ಅಚ್ಚು.

ಸರ್ವೇಕ್ಷಣ ಹಾಳೆಗಿಂತಲೂ ಹೆಚ್ಚು ಮಾತಾಡುವುದು ಗ್ರಾಮ ನಕ್ಷೆ. ಇದನ್ನು ಯಾಕೋ ರಸ್ತೆಯ ಚರಿತ್ರೆಗೆ ಬಳಸುವವರು ಕಡಿಮೆ. ಭೂದಾಖಲೆಗಳ ಇಲಾಖೆಯ ಜಾಲತಾಣದಲ್ಲಿ ಹಳ್ಳಿವಾರು ನಕ್ಷೆ ಸಿಗುತ್ತದೆ. ದಿಶಾಂಕ್ ಆ್ಯಪ್ ತೆರೆದು ರಸ್ತೆ ಮೇಲೆ ನಿಂತರೆ ಯಾವ ಸರ್ವೆ ನಂಬರಿನಲ್ಲಿದ್ದೀರಿ ಎಂದು ತೋರಿಸುತ್ತದೆ. ಗ್ರಾಮ ನಕ್ಷೆಗಳ ಸಾಮಾನ್ಯ ಅಳತೆ 1:7,920. ಅಂದರೆ ನಕ್ಷೆಯ ಒಂದು ಇಂಚು ನೆಲದ ಮೇಲೆ 660 ಅಡಿ, ಸರಿಯಾಗಿ ಒಂದು ಫರ್ಲಾಂಗು. ಹಳೆಯ ಫರ್ಲಾಂಗು ಕಲ್ಲುಗಳನ್ನು ನಕ್ಷೆಯ ಮೇಲೆ ಕೂರಿಸಲು ಇದಕ್ಕಿಂತ ಅನುಕೂಲ ಬೇರೆ ಇಲ್ಲ. ಆದರೆ ಜಾಲತಾಣದಿಂದ ಇಳಿಸಿಕೊಂಡ ಪ್ರತಿಯನ್ನು ಎ4 ಹಾಳೆಗೆ ಕುಗ್ಗಿಸಿ ಅಚ್ಚು ಹಾಕಿದರೆ ಈ ಲೆಕ್ಕ ಕೆಡುತ್ತದೆ. ಮೊದಲು ನಕ್ಷೆಯ ಅಂಚಿನ ಅಳತೆಪಟ್ಟಿಯನ್ನು ಸ್ಕೇಲಿನಿಂದ ಅಳೆದು ನೋಡಿ.

ನಕ್ಷೆಯಲ್ಲಿ ರಸ್ತೆ ಎರಡು ಬಗೆಯಲ್ಲಿ ಕಾಣುತ್ತದೆ. ಸರ್ವೆ ನಂಬರುಗಳ ನಡುವೆ ಪ್ರತ್ಯೇಕ ಪಟ್ಟಿಯಾಗಿ ಬಿಟ್ಟಿದ್ದರೆ, ಮೂಲ ಸರ್ವೆ ನಡೆದಾಗಲೇ ಅಲ್ಲಿ ಹೆಸರಾದ ದಾರಿ ಇತ್ತೆಂದು ಹೇಳಬಹುದು. ಹೊಲಗಳನ್ನು ಅಡ್ಡ ಸೀಳಿಕೊಂಡು ಹೋಗಿದ್ದರೆ ರಸ್ತೆ ಆಮೇಲೆ ಬಂದಿರುವ ಸಾಧ್ಯತೆ ಹೆಚ್ಚು. ಎರಡನೆಯ ಬಗೆಯಲ್ಲಿ ಆಯಾ ಸರ್ವೆ ನಂಬರಿನ ಆಕಾರಬಂದ್ (ವಿಸ್ತೀರ್ಣ, ಕಂದಾಯ ಬರೆದಿಟ್ಟ ಸರ್ವೆ ದಾಖಲೆ) ನೋಡಿ. ರಸ್ತೆಗೆ ಹೋದ ಜಾಗವನ್ನು ‘ಬ’ ಖರಾಬು (ಸಾಗುವಳಿಗೆ ಸೇರದ, ಸಾರ್ವಜನಿಕ ಬಳಕೆಯ ಜಾಗ) ಎಂದು ಎಕರೆ–ಗುಂಟೆಯಲ್ಲಿ ಬರೆದಿರುತ್ತಾರೆ. ಅದರಿಂದ ಹಳೆಯ ಅಗಲ ಲೆಕ್ಕ ಹಾಕಬಹುದು. ಒಂದು ಗುಂಟೆ ಎಂದರೆ 33 ಅಡಿಗೆ 33 ಅಡಿ, 1,089 ಚದರಡಿ. ಒಂದು ಸರ್ವೆ ನಂಬರಿನಲ್ಲಿ ರಸ್ತೆಯ ಖರಾಬು 18 ಗುಂಟೆ, ಅದರೊಳಗೆ ರಸ್ತೆಯ ಉದ್ದ 600 ಅಡಿ ಎಂದಿಟ್ಟುಕೊಳ್ಳಿ: 18 × 1,089 = 19,602; ಅದನ್ನು 600ರಿಂದ ಭಾಗಿಸಿದರೆ 32.7. ಅಂದರೆ ಸರ್ವೆಯವರ ಒಂದು ಸರಪಳಿ ಅಗಲ, 33 ಅಡಿ. ಸಾಲಾಗಿ ನಾಲ್ಕೈದು ಸರ್ವೆ ನಂಬರುಗಳಲ್ಲಿ ಒಂದೇ ಉತ್ತರ ಬಂದರೆ ನಂಬಬಹುದು. ಒಂದರಲ್ಲಿ ಮಾತ್ರ ಅಗಲ ಜಾಸ್ತಿ ಬಂದರೆ ಅದೇ ಖರಾಬಿನಲ್ಲಿ ಹಳ್ಳವೋ ಸ್ಮಶಾನವೋ ಸೇರಿದೆಯೇ ನೋಡಿ, ಬಹುತೇಕ ಸೇರಿರುತ್ತದೆ.

ನಡೆದು ನೋಡುವುದು

ಕಾರಿನಲ್ಲಿ ಹೋಗಿ ಈ ಕೆಲಸ ಆಗುವುದಿಲ್ಲ. ಡಿಸೆಂಬರಿನಿಂದ ಮಾರ್ಚಿಯವರೆಗೆ ಒಳ್ಳೆಯ ಕಾಲ: ಹುಲ್ಲು ಒಣಗಿರುತ್ತದೆ, ಲಂಟಾನ ಸೊರಗಿರುತ್ತದೆ, ಮೋರಿಗಳ ಬಾಯಿ ಕಾಣುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೈಮರದಿಂದ ಸಂತವೇರಿಯ ಕಡೆ ಮಂಜು, ಜಿಗಣೆ, ಜಾರು ನೆಲ. ರಸ್ತೆಯಂಚಿನಲ್ಲಿ ಬಗ್ಗಿ ಕೂತವರು ವಾಹನದವರಿಗೆ ಕಾಣಿಸುವುದೇ ಇಲ್ಲ. ಯಾವ ಕಾಲದಲ್ಲೇ ಆಗಲಿ ಹೊಳೆಯುವ ಪಟ್ಟಿಯ ಜಾಕೆಟ್ ಹಾಕಿ, ಎದುರಿನಿಂದ ಬರುವ ವಾಹನಗಳಿಗೆ ಮುಖ ಮಾಡಿ ಬಲ ಅಂಚಿನಲ್ಲಿ ನಡೆಯಿರಿ, ಇಬ್ಬರು ಇರಿ. ಒಬ್ಬರು ಅಳೆಯುವಾಗ ಇನ್ನೊಬ್ಬರು ರಸ್ತೆ ನೋಡಬೇಕು.

ಬೇಕಾದ ಸಾಮಾನು ಕಡಿಮೆ: 30 ಮೀಟರ್ ಟೇಪು, ಮೆತ್ತನೆ ಬ್ರಷ್ಷು, ನೀರಿನ ಬಾಟಲಿ, ಟಾರ್ಚು, ಜಿಪಿಎಸ್ ಇರುವ ಮೊಬೈಲು, ಪೆನ್ಸಿಲು, ಗಟ್ಟಿ ರಟ್ಟಿನ ನೋಟು ಪುಸ್ತಕ. ಕಾಡು, ತೋಟದೊಳಗೆ ಮೊಬೈಲಿನ ಜಿಪಿಎಸ್ ಹತ್ತಾರು ಮೀಟರ್ ಆಚೀಚೆ ತೋರಿಸಬಹುದು. ಆದ್ದರಿಂದ ಪ್ರತಿ ಟಿಪ್ಪಣಿಗೂ ಹತ್ತಿರದ ಕಿಲೋಮೀಟರ್ ಕಲ್ಲಿನಿಂದ ಇರುವ ದೂರವನ್ನೂ ಬರೆಯಿರಿ. ಆದರೆ ಆ ಕಲ್ಲು ಕೂಡ ನಾಳೆ ಜರುಗಬಹುದು, ಹಾಗಾಗಿ ಜರುಗದ ಗುರುತೊಂದನ್ನು (ದೇವಸ್ಥಾನ, ಶಾಲೆ, ಸೇತುವೆ) ಜೊತೆಗೆ ಇಡಿ.

ಕಲ್ಲುಗಳಿಂದ ಶುರು ಮಾಡಿ. ತಲೆ ಹಳದಿ ಇದ್ದರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ದರೆ ರಾಜ್ಯ ಹೆದ್ದಾರಿ. ದರ್ಜೆ ಬದಲಾದ ಕಡೆ ಕಲ್ಲಿನ ಬಣ್ಣ ತಕ್ಷಣ ಬದಲಾಗಿರುವುದಿಲ್ಲ. ಸಿಪ್ಪೆ ಎದ್ದ ಹಳದಿಯಡಿ ಹಸಿರು ಕಂಡರೆ ಅದನ್ನೇ ಫೋಟೋ ತೆಗೆಯಿರಿ, ಅದೊಂದು ದಾಖಲೆ. ವಿಭಜಕ ಇಲ್ಲದ ರಸ್ತೆಯಲ್ಲಿ ಕಿಲೋಮೀಟರ್ ಕಲ್ಲನ್ನು ಎಣಿಕೆ ಶುರುವಾಗುವ ಊರಿನಿಂದ ಹೊರಟವರ ಎಡಗಡೆಗೆ ನಿಲ್ಲಿಸುವುದು ಪದ್ಧತಿ. ಹಾಗಾಗಿ ಕಲ್ಲುಗಳು ಯಾವ ಬದಿಗಿವೆ ಎಂದು ನೋಡಿದರೆ ಸೊನ್ನೆ ಎಲ್ಲಿತ್ತು ಎಂಬ ದಿಕ್ಕು ಗೊತ್ತಾಗುತ್ತದೆ. ಒಂದು ತುಂಡಿನಲ್ಲಿ ಎಡಕ್ಕಿದ್ದ ಕಲ್ಲು ಮುಂದಿನದರಲ್ಲಿ ಬಲಕ್ಕೆ ಬಂದರೆ, ಎರಡು ತುಂಡುಗಳ ಎಣಿಕೆ ಬೇರೆ ಬೇರೆ ಊರುಗಳಿಂದ ಶುರುವಾಗಿರಬಹುದು. ಐದನೇ ಕಿಲೋಮೀಟರ್ ಕಲ್ಲುಗಳು ಉಳಿದವಕ್ಕಿಂತ ದೊಡ್ಡವು, ಊರ ಹೆಸರುಗಳೂ ಅವುಗಳ ಮೇಲೆ ಹೆಚ್ಚು. ನಡುವೆ 200 ಮೀಟರಿಗೊಂದು ಚಿಕ್ಕ ಕಲ್ಲು: 2, 4, 6, 8.

ಇವುಗಳ ಹಿಂದಿನ ತಲೆಮಾರು ಮೈಲಿಗಲ್ಲು ಮತ್ತು ಫರ್ಲಾಂಗು ಕಲ್ಲು. ಮೈಲಿಗೆ ಎಂಟು ಫರ್ಲಾಂಗು, ಒಂದು ಫರ್ಲಾಂಗು 201 ಮೀಟರ್. ತೂಕ ಮತ್ತು ಅಳತೆಯ ಮೆಟ್ರಿಕ್ ಕಾಯ್ದೆ 1956ರದು; ರಸ್ತೆಬದಿಯ ಕಲ್ಲುಗಳು ಅದರ ಮುಂದಿನ ವರ್ಷಗಳಲ್ಲಿ ಒಂದೊಂದಾಗಿ ಬದಲಾದವು. ಕಿತ್ತ ಮೈಲಿಗಲ್ಲುಗಳನ್ನು ಎಲ್ಲಿ ಹುಡುಕಬೇಕು? ಮೋರಿಯ ತಡೆಗೋಡೆಯಲ್ಲಿ, ತೋಟದ ಗೇಟಿನ ಕಂಬವಾಗಿ, ಬಟ್ಟೆ ಒಗೆಯುವ ಕಲ್ಲಾಗಿ, ಅರಳಿಕಟ್ಟೆಯ ಮೆಟ್ಟಿಲಾಗಿ. ಮಾಲೀಕರ ಅನುಮತಿ ಕೇಳಿ ನೋಡಿ. ಕಲ್ಲನ್ನು ಎತ್ತಿ ತರಬೇಡಿ. ಸ್ಥಳ ತಪ್ಪಿದ ಕಲ್ಲಿನ ಸಾಕ್ಷ್ಯಬೆಲೆ ಅರ್ಧಕ್ಕಿಳಿಯುತ್ತದೆ, ಊರಿನಿಂದಲೇ ಹೊರಗೆ ಹೋದರೆ ಏನೂ ಉಳಿಯುವುದಿಲ್ಲ.

ಸವೆದ ಅಕ್ಷರ ಓದಲು ಸುಣ್ಣ, ಬಣ್ಣ, ಆ್ಯಸಿಡ್ ಯಾವುದೂ ಬೇಡ. ನೀರು ಚಿಮುಕಿಸಿ ಬ್ರಷ್ಷಿನಿಂದ ಪಾಚಿ ಬಿಡಿಸಿ, ಸಂಜೆ ಬೆಳಕು ಇಳಿದ ಮೇಲೆ ಟಾರ್ಚನ್ನು ಕಲ್ಲಿನ ಮೈಗೆ ತಾಗುವಷ್ಟು ಓರೆಯಾಗಿ ಒಂದು ಬದಿಯಿಂದ ಹಿಡಿಯಿರಿ. ಕೆತ್ತನೆಯ ನೆರಳು ಬೀಳುತ್ತದೆ. ನಾಲ್ಕು ಬದಿಯಿಂದಲೂ ಬೆಳಕು ಹಿಡಿದು ನಾಲ್ಕು ಫೋಟೋ ತೆಗೆದರೆ 3 ಮತ್ತು 8ರ ಗೊಂದಲ ಬಹುಮಟ್ಟಿಗೆ ತೀರುತ್ತದೆ. ಓದಿದ ಮೈಲಿಯನ್ನು 1.609ರಿಂದ ಗುಣಿಸಿ ಈಗಿನ ದೂರದ ಜೊತೆ ಹೋಲಿಸಿ. ಕಲ್ಲು ಮೂಲ ಜಾಗದಲ್ಲೇ ಇದ್ದು 15 ಮೈಲಿ ಎನ್ನುತ್ತಿದ್ದರೆ ಈಗಿನ ದೂರ 24.1 ಕಿಲೋಮೀಟರ್ ಬರಬೇಕು. ಅದು 23 ಬಂದರೆ ತಿರುವುಗಳನ್ನು ನೇರ ಮಾಡಿದ್ದಾರೆ, ಹಳೆಯ ಬಳಸುದಾರಿಯನ್ನು ಹುಡುಕಿ. 25 ಬಂದರೆ ಬೈಪಾಸೋ, ಸೊನ್ನೆಯ ಬಿಂದು ಜರುಗಿದ್ದೋ ಇರಬೇಕು. ಹಿಂದೆ ಪಟ್ಟಣದ ದೂರವನ್ನು ಅಂಚೆ ಕಚೇರಿಯಿಂದಲೋ ಕಚೇರಿ ಚೌಕದಿಂದಲೋ ಎಣಿಸಿದ್ದಿರಬಹುದು, ಊರಿನ ಅಂಚಿನಿಂದಲ್ಲ ಎಂಬುದನ್ನು ಮರೆಯಬೇಡಿ.

ಮೋರಿ ಮತ್ತು ಸೇತುವೆ

ರಸ್ತೆಯ ಮೈ ಪ್ರತಿ ಡಾಂಬರಿಗೆ ಬದಲಾಗುತ್ತದೆ, ಮೋರಿ ಅಷ್ಟು ಬೇಗ ಬದಲಾಗುವುದಿಲ್ಲ. ಆದ್ದರಿಂದ ರಸ್ತೆಯ ವಯಸ್ಸಿಗೆ ಮೋರಿಯೇ ಒಳ್ಳೆಯ ಸಾಕ್ಷಿ. 6 ಮೀಟರ್‌ವರೆಗಿನದು ಮೋರಿ, ಅದಕ್ಕಿಂತ ಉದ್ದದ್ದು ಸೇತುವೆ ಎಂಬುದು ಎಂಜಿನಿಯರುಗಳ ಲೆಕ್ಕ. ತಡೆಗೋಡೆಯ ಮೇಲೆ 34/2 ಎಂದು ಬರೆದಿದ್ದರೆ 34ನೇ ಕಿಲೋಮೀಟರಿನ ಎರಡನೇ ಮೋರಿ ಎಂದರ್ಥ. ಈ ಸಂಖ್ಯೆ ಪಕ್ಕದ ಕಿಲೋಮೀಟರ್ ಕಲ್ಲಿಗೆ ಹೊಂದದಿದ್ದರೆ, ಎಣಿಕೆ ಬದಲಾದ ಮೇಲೆ ಮೋರಿಯ ಬಣ್ಣ ಬದಲಾಗಿಲ್ಲ ಎಂದರ್ಥ. ಹಳೆಯ ಎಣಿಕೆ ಹೀಗೆ ಉಳಿದುಕೊಂಡಿರುತ್ತದೆ.

ಕೆಳಗಿಳಿದು ನೋಡಿ. ಕಲ್ಲು ಚಪ್ಪಡಿ ಹಾಸಿದ ಮೋರಿ, ಸುಣ್ಣದ ಗಾರೆಯ ಕಲ್ಲುಕಮಾನು, ಹ್ಯೂಮ್ ಪೈಪು (ಕಾಂಕ್ರೀಟ್ ಕೊಳವೆ), ಕಾಂಕ್ರೀಟ್ ಚಪ್ಪಡಿ, ಇವು ಸ್ಥೂಲವಾಗಿ ಒಂದರ ನಂತರ ಒಂದು ಬಂದವು. ಆದರೆ ಈ ಕ್ರಮವನ್ನು ಗಟ್ಟಿಯಾಗಿ ನೆಚ್ಚಿಕೊಳ್ಳಬಾರದು, ಕಲ್ಲು ಹತ್ತಿರದಲ್ಲೇ ಸಿಗುವ ಕಡೆ ಚಪ್ಪಡಿ ಮೋರಿಯನ್ನು ಬಹಳ ಕಾಲ ಕಟ್ಟಿದ್ದಾರೆ. ನಿಜವಾಗಿ ಉಪಯೋಗಕ್ಕೆ ಬರುವುದು ಒಂದೇ ಮೋರಿಯೊಳಗಿನ ಬೆಸುಗೆ: ನಡುವೆ ಕಮಾನು, ಎರಡೂ ಬದಿಗೆ ಕಾಂಕ್ರೀಟು ಸೇರಿಸಿದ್ದರೆ, ಕಮಾನಿನ ಉದ್ದವೇ ಅಗಲಗೊಳಿಸುವ ಮೊದಲಿನ ರಸ್ತೆಯ ಅಗಲ. ಅದನ್ನು ಟೇಪಿನಿಂದ ಅಳೆದು, ಖರಾಬಿನಿಂದ ಬಂದ ಅಗಲದ ಪಕ್ಕ ಬರೆಯಿರಿ. ಖರಾಬಿನದು ಪೂರ್ತಿ ಜಾಗ, ಕಮಾನಿನದು ಗಾಡಿ ಓಡುವ ಭಾಗ. ಎರಡೂ ಸಮ ಬರಬೇಕಾಗಿಲ್ಲ. ಸುಣ್ಣದ ಗಾರೆಯೋ ಸಿಮೆಂಟೋ ಎಂಬ ಅನುಮಾನ ಬಂದರೆ ಕೆದಕಬೇಡಿ. ಸಂದಿನಲ್ಲಿ ಬಿದ್ದ ಪುಡಿಯ ಬಣ್ಣ ನೋಡಿ: ಬಿಳಿ, ಮೆತ್ತಗೆ, ಮರಳಿನ ಕಾಳು ಕಂಡರೆ ಸುಣ್ಣ, ಬೂದು, ಗಟ್ಟಿ ಇದ್ದರೆ ಸಿಮೆಂಟು. ಸುಣ್ಣದ ಕಟ್ಟಡಕ್ಕೆ ಮೇಲಿಂದ ಸಿಮೆಂಟಿನ ಸಂದು ತುಂಬಿರುವುದೂ ಉಂಟು, ಹಾಗಾಗಿ ನೀರು ತಾಗದ ಒಳಗಿನ ಸಂದನ್ನೇ ನೋಡಬೇಕು.

ಸೇತುವೆಯ ಮೇಲಿನ ಶಿಲಾಫಲಕದಲ್ಲಿರುವುದು ಉದ್ಘಾಟನೆಯ ತಾರೀಖು. ಅದು ಮೊದಲ ಸೇತುವೆಯದೋ, ಕೊಚ್ಚಿಹೋದ ಮೇಲೆ ಮತ್ತೆ ಕಟ್ಟಿದ್ದರದೋ, ಬರೀ ಅಗಲಗೊಳಿಸಿದ್ದರದೋ ಎಂಬುದನ್ನು ಕಡತದಿಂದ ಖಚಿತ ಮಾಡಿಕೊಳ್ಳುವವರೆಗೆ ‘ಫಲಕದ ವರ್ಷ’ ಎಂದಷ್ಟೇ ಬರೆಯಿರಿ. ಈಗಿನ ಸೇತುವೆಯ ಮೇಲ್ಗಡೆ ಅಥವಾ ಕೆಳಗಡೆ ಹೊಳೆಯಲ್ಲಿ ಮುರಿದ ಕಂಬಗಳಿವೆಯೇ ಎಂದು ಬೇಸಿಗೆಯಲ್ಲಿ ಒಮ್ಮೆ ಇಳಿದು ನೋಡುವುದು ಒಳ್ಳೆಯದು.

ಮೋರಿಯಾಚೆಗೂ ಗಮನಿಸುವಂಥವು ಇವೆ. ಎದುರುಬದುರು ಸಾಲುಮರಗಳ ನಡುವಿನ ಅಂತರವನ್ನು ಅಳೆದರೆ ಹಳೆಯ ರಸ್ತೆಯ ಅಗಲ ಸಿಗುತ್ತದೆ; ಆಲದ ಸುತ್ತಳತೆಯಿಂದ ವಯಸ್ಸು ಹೇಳಲು ಮಾತ್ರ ಹೋಗಬೇಡಿ. ತಲೆಹೊರೆ ಇಳಿಸುವ ಕಲ್ಲು, ಬಾವಿ, ಛತ್ರ, ಪ್ರವಾಸಿ ಮಂದಿರ, ರಸ್ತೆ ಗ್ಯಾಂಗಿನವರ ಮನೆ, ಉಕ್ಕಡದ (ಸುಂಕ, ಕಾವಲಿನ ಕಟ್ಟೆ) ಹೆಸರಿನ ಜಾಗ, ಇವೆಲ್ಲ ಈಗಿನ ರಸ್ತೆಯಿಂದ ದೂರದಲ್ಲಿ ಒಂದೇ ಸಾಲಿನಲ್ಲಿ ಕಂಡರೆ ಹಳೆಯ ದಾರಿ ಆ ಸಾಲಿನಲ್ಲೇ ಹೋಗಿತ್ತು. ಪಟ್ಟಣದೊಳಗಿನ ಹೆಸರುಗಳೂ ಕೆಲಸಕ್ಕೆ ಬರುತ್ತವೆ: ಹಾಸನದ ಬಿ.ಎಂ. ರಸ್ತೆ ಬೆಂಗಳೂರು–ಮಂಗಳೂರು ದಾರಿ, ಚಿಕ್ಕಮಗಳೂರಿನ ಕೆ.ಎಂ. ರಸ್ತೆ ಕಡೂರು–ಮಂಗಳೂರು ದಾರಿ. ಎರಡೂ ನಮ್ಮ ರಸ್ತೆಯನ್ನು ಅಡ್ಡ ಹಾಯುವಂಥವು. ಘಟ್ಟದ ಮೇಲಿನ ಕಾಫಿ, ಏಲಕ್ಕಿ ಮಂಗಳೂರಿಗೆ ಇಳಿಯುತ್ತಿದ್ದುದು ಪೂರ್ವ–ಪಶ್ಚಿಮದ ಇಂಥ ದಾರಿಗಳಲ್ಲಿ. ಬೆಂಗಳೂರಿನಿಂದ ಹರಿಹರದತ್ತ ರೈಲು ಬಂದು 1880ರ ದಶಕದ ಕೊನೆಗೆ ಕಡೂರು ನಿಲ್ದಾಣವಾದ ಮೇಲೆ ಸರಕಿಗೆ ಪೂರ್ವದ ಬಾಗಿಲೂ ತೆರೆಯಿತು. ಉತ್ತರ–ದಕ್ಷಿಣದ ನಮ್ಮ ರಸ್ತೆಯ ತುಂಡುಗಳನ್ನು ಈ ಅಡ್ಡದಾರಿಗಳಿಗೆ ಕೂಡುವ ಕೊಂಡಿಗಳೆಂದು ನೋಡಿದರೆ, ಒಂದು ತುಂಡಿಗೆ ಮೊದಲು, ಇನ್ನೊಂದಕ್ಕೆ ತಡವಾಗಿ ಜಲ್ಲಿ ಬಿದ್ದದ್ದೇಕೆ ಎಂಬ ಪ್ರಶ್ನೆಗೆ ಎಲ್ಲಿ ಹುಡುಕಬೇಕೆಂದು ಗೊತ್ತಾಗುತ್ತದೆ.

ಕಡತಗಳು

ಮೈಸೂರು ಸಂಸ್ಥಾನದ ಲೋಕೋಪಯೋಗಿ ಇಲಾಖೆ ಶುರುವಾದದ್ದು 1856ರಲ್ಲಿ, ಮಾರ್ಕ್ ಕಬ್ಬನ್ ಕಮಿಷನರ್ ಆಗಿದ್ದಾಗ. ಆ ಮೊದಲಿನ ಕೆಲಸವನ್ನು ಇಲಾಖೆಯ ಹೆಸರಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಮರಾಮತ್ತು (ದುರಸ್ತಿ ಕೆಲಸ) ಎಂಬ ಹೆಸರಿನಲ್ಲಿ ಹುಡುಕಬೇಕು. ಇನ್ನೊಂದು ಎಚ್ಚರಿಕೆ: ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆ ಎಂಬ ಹೆಸರಿತ್ತು, ಸಕಲೇಶಪುರದ ಸೀಮೆಗೆ ಮಂಜರಾಬಾದ್ ಎನ್ನುತ್ತಿದ್ದರು. ಸೂಚಿಯಲ್ಲಿ ‘ಚಿಕ್ಕಮಗಳೂರು ಜಿಲ್ಲೆ’ ಎಂದು ಹುಡುಕಿ ಬರಿಗೈಯಲ್ಲಿ ಎದ್ದು ಬರುವವರು ಬಹಳ.

ಬಿ.ಎಲ್. ರೈಸ್ ಅವರ ಮೈಸೂರು ಗೆಜೆಟಿಯರಿನ 1897ರ ಆವೃತ್ತಿ, ಹಯವದನರಾಯರ 1920ರ ದಶಕದ ಕೊನೆಯ ಆವೃತ್ತಿ, ಹಾಸನದ 1971ರ ಮತ್ತು ಚಿಕ್ಕಮಗಳೂರಿನ 1981ರ ಜಿಲ್ಲಾ ಗೆಜೆಟಿಯರುಗಳು, ಈ ನಾಲ್ಕರ ರಸ್ತೆ ಪಟ್ಟಿಗಳನ್ನು ಒಂದೇ ಹಾಳೆಯಲ್ಲಿ ಅಡ್ಡಡ್ಡ ಬರೆಯಿರಿ. ಹಳೆಯ ಪಟ್ಟಿಗಳಲ್ಲಿ ಸಂಸ್ಥಾನದ ಹಣದ ರಸ್ತೆ, ಜಿಲ್ಲಾ ನಿಧಿಯ ರಸ್ತೆ ಎಂದು ಬೇರೆ ಮಾಡಿರುತ್ತಾರೆ. ನಿಮ್ಮ ತುಂಡು ಒಂದರಿಂದ ಇನ್ನೊಂದಕ್ಕೆ ಹಾರಿದ್ದರೆ ಆ ಎರಡು ಆವೃತ್ತಿಗಳ ನಡುವೆ ಅದರ ಮಹತ್ವ ಬದಲಾಗಿದೆ. ರಸ್ತೆಯ ಹೆಸರಿನಲ್ಲಿ ತುದಿಯ ಊರುಗಳು ಮಾತ್ರ ಇರುವುದರಿಂದ ನಡುವಿನ ಊರು ಹುಡುಕಿದರೆ ಸಿಗದು.

ಜನರ ದನಿ ಬೇಕಿದ್ದರೆ ಮೈಸೂರು ಸಂಸ್ಥಾನದ ಪ್ರಜಾಪ್ರತಿನಿಧಿ ಸಭೆಯ ನಡವಳಿ ನೋಡಿ. 1881ರಲ್ಲಿ ಶುರುವಾದ ಈ ಸಭೆ ದಸರೆಯ ಹೊತ್ತಿಗೆ ಸೇರುತ್ತಿತ್ತು; ತಾಲ್ಲೂಕುಗಳಿಂದ ಬಂದವರು ರಸ್ತೆ, ಸೇತುವೆ ಕೇಳುತ್ತಿದ್ದರು, ಸರ್ಕಾರದ ಉತ್ತರವೂ ಪಕ್ಕದಲ್ಲೇ ಅಚ್ಚಾಗಿದೆ. ಕೇಳಿದ್ದಕ್ಕೂ ಕಟ್ಟಿದ್ದಕ್ಕೂ ನಡುವೆ ಎಷ್ಟು ವರ್ಷ ಹಿಡಿಯಿತೆಂಬುದು ಇಲ್ಲಿಂದಲೇ ತಿಳಿಯಬೇಕು. ಉತ್ತರದಲ್ಲಿ ‘ಪರಿಶೀಲಿಸಲಾಗುವುದು’ ಎಂದಿದ್ದನ್ನು ‘ಆಯಿತು’ ಎಂದು ಓದಿಕೊಳ್ಳಬೇಡಿ. ಇವುಗಳ ಮೂಲ ಕಡತಗಳಿಗೆ ಬೆಂಗಳೂರಿನ ರಾಜ್ಯ ಪತ್ರಾಗಾರ ಇಲಾಖೆಯಲ್ಲಿ ಕೇಳಿ.

ಇತ್ತೀಚಿನದಕ್ಕೆ ಮಾಹಿತಿ ಹಕ್ಕಿನ ಅರ್ಜಿ ಹಾಕಬೇಕು. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ, ಶುಲ್ಕ 10 ರೂಪಾಯಿ, ಪ್ರತಿಗೆ ಪುಟಕ್ಕೆ 2 ರೂಪಾಯಿ. ಉತ್ತರಕ್ಕೆ 30 ದಿನದ ಗಡುವು. ‘ಈ ರಸ್ತೆಯ ಇತಿಹಾಸ ತಿಳಿಸಿ’ ಎಂದು ಬರೆದರೆ ‘ಮಾಹಿತಿ ಲಭ್ಯವಿಲ್ಲ’ ಎಂಬ ಉತ್ತರವೇ ಬರುವುದು, ಏಕೆಂದರೆ ಕಾಯ್ದೆ ಕೊಡಿಸುವುದು ಇರುವ ದಾಖಲೆಯನ್ನು, ಹೊಸದಾಗಿ ಬರೆದ ಉತ್ತರವನ್ನಲ್ಲ. ಹೀಗೆ ಕೇಳಿ: ‘ರಾಜ್ಯ ಹೆದ್ದಾರಿ 57ರ ಇಂಥ ಕಿ.ಮೀ.ಯಿಂದ ಇಂಥ ಕಿ.ಮೀ.ವರೆಗಿನ ರಸ್ತೆ ವಹಿಯ ಪುಟಗಳ ದೃಢೀಕೃತ ಪ್ರತಿ.’ ಸೇತುವೆ–ಮೋರಿಗಳ ವಹಿಗೆ ಇನ್ನೊಂದು ಅರ್ಜಿ, ದರ್ಜೆ ಬದಲಾಯಿಸಿದ ಅಧಿಸೂಚನೆಗೆ ಮತ್ತೊಂದು. ಬೇಲೂರು ದಾಟಿ ಜಿಲ್ಲೆಯ ಗಡಿ ಬರುವುದರಿಂದ ಹಾಸನ ಮತ್ತು ಚಿಕ್ಕಮಗಳೂರು ಎರಡೂ ಲೋಕೋಪಯೋಗಿ ವಿಭಾಗಗಳಿಗೆ ಬೇರೆ ಬೇರೆ ಹಾಕಬೇಕು. ಹಾಸನ–ಬೇಲೂರು ತುಂಡಿನ ಕಡತ ರಾಷ್ಟ್ರೀಯ ಹೆದ್ದಾರಿ ವಿಭಾಗಕ್ಕೆ ಹೋಗಿರಬಹುದು. ತಪ್ಪು ಕಚೇರಿಗೆ ಹಾಕಿದ್ದರೆ ಕಾಯ್ದೆಯ 6(3)ನೇ ಕಲಮಿನಂತೆ ಐದು ದಿನದೊಳಗೆ ಅವರೇ ವರ್ಗಾಯಿಸಬೇಕು.

ಶಾಸನಗಳತ್ತ ಕೊನೆಗೆ ಹೋಗಿ, ಮೊದಲಲ್ಲ. ಶಾಸನಗಳ ಸಂಪುಟಮಾಲೆಯಾದ ಎಪಿಗ್ರಾಫಿಯಾ ಕರ್ನಾಟಿಕಾದ ಹಳೆಯ ಆವೃತ್ತಿಯಲ್ಲಿ ಹಾಸನ ಜಿಲ್ಲೆ 5ನೇ ಸಂಪುಟ, ಅಂದಿನ ಕಡೂರು ಜಿಲ್ಲೆ 6ನೇ ಸಂಪುಟ. ಪರಿಷ್ಕೃತ ಆವೃತ್ತಿಯಲ್ಲಿ ಸಂಪುಟವೂ ಶಾಸನದ ಸಂಖ್ಯೆಯೂ ಬೇರೆ, ಯಾವುದೆಂದು ಬರೆಯದ ಉಲ್ಲೇಖ ಕೆಲಸಕ್ಕೆ ಬಾರದು. ದತ್ತಿ ಬಿಟ್ಟ ಭೂಮಿಯ ಎಲ್ಲೆ ಹೇಳುವಲ್ಲಿ ಹೆಬ್ಬಟ್ಟೆ (ದೊಡ್ಡ ದಾರಿ), ಹೆದ್ದಾರಿ ಎಂಬ ಮಾತು ಬರುತ್ತದೆಯೇ ನೋಡಿ. ಹೆಜ್ಜುಂಕ, ವಡ್ಡರಾವುಳದಂಥ ಸುಂಕವನ್ನು ದೇವಸ್ಥಾನಕ್ಕೆ ಬಿಟ್ಟಿದ್ದರೆ ಆ ಊರಿನ ಮೇಲೆ ಸರಕು ಹಾದುಹೋಗುತ್ತಿತ್ತು. ಬೇಲೂರಿನ ಚೆನ್ನಕೇಶವ ದೇವಸ್ಥಾನ 1117ರದು, ಹಳೇಬೀಡು ಹೊಯ್ಸಳರ ರಾಜಧಾನಿ. ನಡುವೆ ದಾರಿ ಇದ್ದೇ ಇತ್ತು. ಆದರೆ ಅದು ಈಗಿನ 16 ಕಿಲೋಮೀಟರಿನ ರಸ್ತೆಯ ಜಾಡಿನಲ್ಲೇ ಇತ್ತೆಂದು ಹೇಳಲು ಎಲ್ಲೆಯ ಊರುಗಳನ್ನು ಒಂದೊಂದಾಗಿ ಗ್ರಾಮ ನಕ್ಷೆಯ ಮೇಲೆ ಕೂರಿಸಿ ತೋರಿಸಬೇಕು. ‘ಇದು ಟಿಪ್ಪು ಮಾಡಿಸಿದ ರಸ್ತೆ’, ‘ಇದು ಬ್ರಿಟಿಷರ ಸೇತುವೆ’ ಎಂಬ ಮಾತುಗಳಿಗೂ ಇದೇ ಪರೀಕ್ಷೆ. ಹಿರಿಯರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ, ಆದರೆ ಸಾಕ್ಷ್ಯದ ಕಲಮಿನಲ್ಲಿ ಬೇರೆ ಗುರುತು ಹಾಕಿ. ಬಸ್ಸು ಮೊದಲು ಬಂದದ್ದು, ಹಳ್ಳ ತುಂಬಿ ದಾರಿ ನಿಂತದ್ದು, ಸಂತೆ ಗಾಡಿ ತಂಗುತ್ತಿದ್ದ ಜಾಗ, ಇಂಥವನ್ನು ಹಿರಿಯರಷ್ಟು ಖಚಿತವಾಗಿ ಯಾವ ಕಡತವೂ ಹೇಳುವುದಿಲ್ಲ.

ಜಲಾಶಯದ ಸೀಮೆಗೆ ಬಂದರೆ ನಕ್ಷೆ ಹೋಲಿಸದೆ ಹೆಜ್ಜೆ ಇಡಬೇಡಿ. ಗೊರೂರಿನ ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರುಗಳ ಜೊತೆ ದಾರಿಗಳೂ ಮುಳುಗಿವೆ. ಶೆಟ್ಟಿಹಳ್ಳಿಯ ಚರ್ಚಿನ ಅವಶೇಷ ನೀರಿನಿಂದ ಎದ್ದು ಕಾಣುವುದು ಎಲ್ಲರಿಗೂ ಗೊತ್ತು, ಅದೇ ನೀರಿನಡಿಯ ದಾರಿಗಳ ಬಗ್ಗೆ ಕೇಳುವವರಿಲ್ಲ. ಹಿನ್ನೀರು ಇಳಿಯುವ ಏಪ್ರಿಲ್–ಮೇ ತಿಂಗಳ ಉಪಗ್ರಹ ಚಿತ್ರಗಳನ್ನು ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳ ಪಟ್ಟಿಯಿಂದ ಆರಿಸಿ ನೋಡಿದರೆ ನೇರವಾದ ಏರಿಯ ಗೆರೆ ಕಾಣಬಹುದು. ಕೆಸರು ಆಳವಾಗಿರುವುದರಿಂದ ಇಳಿದು ನಡೆಯಬೇಡಿ.

ಬರೆದಿಡುವುದು

ಪ್ರತಿ ತುಂಡಿಗೆ ಒಂದು ಪಟ್ಟಿ ಸಾಕು: ಸ್ಥಳ, ಕಂಡದ್ದು, ಅಳತೆ, ಕಂಡ ತಾರೀಖು, ಸಾಕ್ಷ್ಯ ಯಾವ ಬಗೆಯದು (ಕಲ್ಲು, ನಕ್ಷೆ, ಕಡತ, ಮಾತು). ತಾರೀಖು ಮುಖ್ಯ. ರಸ್ತೆ ಅಗಲಗೊಳಿಸುವಾಗ ಮೊದಲು ಹೋಗುವುದು ಮರ, ಆಮೇಲೆ ಕಲ್ಲು, ಆಮೇಲೆ ಮೋರಿ. ಕಾಮಗಾರಿ ಶುರುವಾಗುತ್ತದೆಂದು ತಿಳಿದ ತುಂಡನ್ನು ಉಳಿದದ್ದೆಲ್ಲ ಬಿಟ್ಟು ಮೊದಲು ನಡೆಯಿರಿ. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲಿ ತುಂಡಿನ ಈಗಿನ ಸಂಖ್ಯೆಯ ಜೊತೆ ಹಳೆಯ ಸಂಖ್ಯೆಯನ್ನೂ ದಾಖಲಿಸಲು ಬರುತ್ತದೆ, ಆದರೆ ಅಧಿಸೂಚನೆ ಕೈಯಲ್ಲಿಲ್ಲದೆ ಸಂಖ್ಯೆ ಬದಲಿಸಬೇಡಿ. ಪಟ್ಟಿಯ ಒಂದು ಅಚ್ಚುಪ್ರತಿಯನ್ನು ಆಯಾ ಗ್ರಾಮ ಪಂಚಾಯಿತಿಯ ಗ್ರಂಥಾಲಯಕ್ಕೆ, ಒಂದನ್ನು ತಾಲ್ಲೂಕು ಗ್ರಂಥಾಲಯಕ್ಕೆ ಕೊಡಿ. ಪುಟಕ್ಕೊಂದು ಸಂಖ್ಯೆ ಹಾಕಿ, ತಿದ್ದುಪಡಿ ಬರೆಯಲು ಬಲಬದಿಯಲ್ಲಿ ಮೂರು ಬೆರಳಷ್ಟು ಜಾಗ ಬಿಡಿ.